ದಿಗ್ವ್ರತವೂ ಹದಿನಾಲ್ಕು ಸಾವಿರ ಕಿಲೋಮೀಟರೂ

ಶ್ರಾವಕನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಅಹಿಂಸಾದಿ ಐದು ಅಣುವ್ರತಗಳ ವಿಚಾರವನ್ನು ನಾವು ಬಸದಿಗಳಲ್ಲಿ, ಪ್ರವಚನಗಳಲ್ಲಿ ಆಗಾಗ್ಗೆ ಕೇಳುತ್ತಿರುತ್ತೇವೆ. ಅವುಗಳ ಬೆನ್ನಿಗೇ ಬರುವ ಗುಣವ್ರತಗಳ ಪೈಕಿ ಮೊದಲನೆಯದಾದ ದಿಗ್ವ್ರತದ ಮಾತು ಬರುವುದು ಅಪರೂಪ. ಹಿಂದಿನ ಕಾಲದಲ್ಲಿ ಬಹುಮಂದಿ ಹುಟ್ಟಿದ ಸೀಮೆಯನ್ನು ಬಿಟ್ಟು ಹೋಗುತ್ತಿರಲಿಲ್ಲವಾದುದರಿಂದ ಅದನ್ನು ಪಾಲಿಸುವುದು ಸುಲಭವಾಗಿತ್ತೆಂದೂ, ಈಗ ಲೋಕವೆಲ್ಲ ಒಂದೇ ಊರಾಗಿರುವುದರಿಂದ ಅದು ಅಸಾಧ್ಯವೆಂದೂ ಕೆಲವರು ಹೇಳುವುದುಂಟು. ಎರಡು ಮಾತೂ ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ನಡುವಣ ದೂರದ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ದಿಗ್ವ್ರತವೆಂದರೆ ನಾಲ್ಕು ದಿಕ್ಕು, ನಾಲ್ಕು ವಿದಿಕ್ಕು, ಮೇಲೆ, ಕೆಳಗೆ, ಹೀಗೆ ಹತ್ತು ಕಡೆಗಳಲ್ಲಿಯೂ ಒಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಬದುಕಿರುವವರೆಗೆ ಅದನ್ನು ಮೀರಿ ಹೋಗುವುದಿಲ್ಲವೆಂದು ನಿಯಮ ಮಾಡಿಕೊಳ್ಳುವುದು. ಎಲ್ಲೆಯ ಆಚೆಗಿರುವ ಜೀವರಾಶಿಗೆ ನನ್ನಿಂದ ಯಾವ ಬಾಧೆಯೂ ಇಲ್ಲವೆಂದು ಅಭಯ ಕೊಟ್ಟಂತೆ. ಆದಕಾರಣವೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಎಲ್ಲೆಯ ಹೊರಗಿನ ಕ್ಷೇತ್ರದ ಮಟ್ಟಿಗೆ ಗೃಹಸ್ಥನ ಅಣುವ್ರತವೂ ಮಹಾವ್ರತಕ್ಕೆ ಸಮಾನವಾಗುತ್ತದೆ ಎಂಬ ಅಭಿಪ್ರಾಯವನ್ನು ತಿಳಿಸಿದ್ದಾರೆ. ಅಂಗಡಿಯಲ್ಲಿ ಕುಳಿತ ಸಾಮಾನ್ಯ ಗೃಹಸ್ಥನಿಗೆ ಇಷ್ಟು ಕಡಿಮೆ ಬಂಡವಾಳದಲ್ಲಿ ಇಷ್ಟು ದೊಡ್ಡ ಲಾಭ ಬೇರೆಲ್ಲಿಯೂ ಸಿಗಲಾರದು.

ಹಾಸನದಲ್ಲಿ ನಾಲ್ಕು ದಶಕಗಳ ಕಾಲ ಪಾತ್ರೆ ವ್ಯಾಪಾರ ನಡೆಸಿದ ನಾನು ಈ ವರ್ಷ ಅಂಗಡಿಯ ಭಾರವನ್ನು ತಮ್ಮನ ಮಗನಿಗೆ ಒಪ್ಪಿಸಿ, ದಿಗ್ವ್ರತವನ್ನು ಸ್ವೀಕರಿಸಬೇಕೆಂದು ನಿಶ್ಚಯಿಸಿದೆ. ಎಲ್ಲೆಯನ್ನು ಬರೆದುಕೊಳ್ಳಲು ಕುಳಿತಾಗ ಪೂರ್ವಕ್ಕೆ ಸಮ್ಮೇದ ಶಿಖರಜಿ, ಪಶ್ಚಿಮಕ್ಕೆ ಗಿರನಾರ್, ದಕ್ಷಿಣಕ್ಕೆ ಕನ್ಯಾಕುಮಾರಿ, ಉತ್ತರಕ್ಕೆ ಹಿಮಾಲಯ ಎಂದು ಲೇಖನಿ ಸಲೀಸಾಗಿ ಓಡಿತು. ಆಗ ನಮ್ಮ ಮನೆಯವರು, “ಮಗಳ ಮನೆ ಯಾವ ದಿಕ್ಕಿಗೆ ಬಂತು?” ಎಂದು ಕೇಳಿದರು. ನಮ್ಮ ಒಬ್ಬಳೇ ಮಗಳು ಸ್ಯಾನ್ ಫ್ರಾನ್ಸಿಸ್ಕೋದ ಹತ್ತಿರ ನೆಲೆಸಿದ್ದಾಳೆ. ಎಲ್ಲೆಯ ಗೆರೆ ಅವಳ ಮನೆಯ ಈಚೆಗೆ ಬಿದ್ದರೆ ಆ ಹೊಸ್ತಿಲನ್ನು ನಾನು ಈ ಜನ್ಮದಲ್ಲಿ ತುಳಿಯುವಂತಿಲ್ಲ. ಅವಳೋ ದೂರವಾಣಿಯಲ್ಲಿ, “ಅಪ್ಪಾಜಿ, ಬರೀ ಹದಿನಾರು ಗಂಟೆ. ನೀವು ಹಿಂದೆ ಶಿಖರಜಿಗೆ ರೈಲಿನಲ್ಲಿ ಹೋದಾಗ ಇದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತಲ್ಲ” ಎಂದಳು. ಅವಳ ಮಾತು ಸತ್ಯ. ಹಾಗಾದರೆ ದೂರವನ್ನು ಗಂಟೆಯಿಂದ ಅಳೆಯಬೇಕೋ, ಕಿಲೋಮೀಟರಿನಿಂದ ಅಳೆಯಬೇಕೋ ಎಂಬ ಪ್ರಶ್ನೆ ನನ್ನನ್ನು ಹಿಡಿಯಿತು.

ಮೊದಲು ದಿಕ್ಕಿನ ವಿಚಾರ. ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೋ ನಮಗೆ ಬಹುದೂರದ ಪಶ್ಚಿಮದಲ್ಲಿದೆ. ಪೆಸಿಫಿಕ್ ಸಾಗರದ ಕಡೆಯಿಂದ ಎಣಿಸಿದರೆ ಬಹುದೂರದ ಪೂರ್ವದಲ್ಲಿದೆ. ಆದರೆ ಗೋಳದ ಮೇಲೆ ಈ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ನೋಡಿ. (ಲೋಕಾಕಾರದ ಕುರಿತು ಆಗಮೋಕ್ತವಾದ ವಿಚಾರವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ, ವಿಮಾನದ ದಾರಿ ಗೋಳದ ಗಣಿತದಿಂದಲೇ ಗೊತ್ತಾಗುವುದರಿಂದ ಅದನ್ನೇ ಅನುಸರಿಸಿದ್ದೇನೆ.) ಆ ದಾರ ಬೆಂಗಳೂರನ್ನು ಬಿಡುವಾಗ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ, ಉತ್ತರದಿಂದ ಕೇವಲ 20 ಡಿಗ್ರಿಗಳಷ್ಟು ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾಗಳನ್ನು ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೂಲಕ ಕೆಳಗಿಳಿಯುತ್ತದೆ. ಈ ದಾರದ ಉದ್ದವೇ ಸುಮಾರು 14,000 ಕಿಲೋಮೀಟರ್. ನಾವು ಪಶ್ಚಿಮ ದೇಶವೆಂದು ಕರೆಯುವ ನಾಡಿಗೆ ನಮ್ಮೂರಿನಿಂದ ಹತ್ತಿರದ ಹಾದಿ ಉತ್ತರಾಭಿಮುಖವಾಗಿದೆ! ದಿಕ್ಕನ್ನು ಹೆಸರಿಸಿ ಎಲ್ಲೆ ಹಾಕುವವನು ಇದನ್ನು ತಿಳಿದಿರಬೇಕು.

ಇನ್ನು ದೂರದ ವಿಚಾರ. 14,000 ಎಂಬುದು ದಾರದ ಲೆಕ್ಕವೇ ಹೊರತು ವಿಮಾನದ ಲೆಕ್ಕವಲ್ಲ. ಭೂಮಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊನಲೊಂದು ಹರಿಯುತ್ತಿರುತ್ತದೆ. ಅದರ ವೇಗ ಎಷ್ಟೋ ವೇಳೆ ಗಂಟೆಗೆ 150 ಕಿಲೋಮೀಟರನ್ನು ಮೀರುತ್ತದೆ. ಗಾಳಿಯಲ್ಲಿ ಗಂಟೆಗೆ 900 ಕಿಲೋಮೀಟರ್ ಸಾಗಬಲ್ಲ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೆ 14,000 ಕಿಲೋಮೀಟರಿಗೆ 14 ಗಂಟೆ ಸಾಕು. ಅದೇ ಗಾಳಿ ಎದುರಾದರೆ ಹದಿನೇಳೂವರೆ ಗಂಟೆ ಬೇಕು. ಹಾದಿ ಒಂದೇ, ಕಾಲ ಎರಡು. ಇದಕ್ಕಿಂತ ವಿಚಿತ್ರವಾದ ನಿದರ್ಶನವೂ ಉಂಟು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಸಂಸ್ಥೆಯು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ತನ್ನ ವಿಮಾನವನ್ನು ಅಟ್ಲಾಂಟಿಕ್ ಮಾರ್ಗದಿಂದ ಪೆಸಿಫಿಕ್ ಮಾರ್ಗಕ್ಕೆ ಬದಲಾಯಿಸಿತು. ಹಾದಿ ಸುಮಾರು 13,900 ಕಿಲೋಮೀಟರಿನಿಂದ 15,300 ಕಿಲೋಮೀಟರಿಗೆ ಬೆಳೆಯಿತು. ಪ್ರಯಾಣದ ಕಾಲ ಮಾತ್ರ ಎರಡು ಗಂಟೆಗಳಷ್ಟು ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. 1,400 ಕಿಲೋಮೀಟರ್ ಹೆಚ್ಚು ಸುತ್ತಿ ಬೇಗ ತಲುಪುವುದೆಂದರೆ ಇದೇ.

ಗಾಳಿಯ ಜೊತೆಗೆ ರಾಜಕಾರಣವೂ ದೂರವನ್ನು ಹಿಗ್ಗಿಸುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಸುಮಾರು ಒಂಬತ್ತೂವರೆ ಗಂಟೆಯಾಗಿದ್ದ ಪ್ರಯಾಣ 13 ಗಂಟೆಗೆ ಏರಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ನಡುವೆ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಯಂತ್ರವೂ ಒಮ್ಮೊಮ್ಮೆ ಕೈಕೊಡುತ್ತದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ನಿನ ದೋಷದಿಂದ ರಷ್ಯಾದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರು ತಾವು ಎಂದೂ ನೆನೆಯದಿದ್ದ ನೆಲದ ಮೇಲೆ ಕಾಲಿಟ್ಟರು. ಅವರಲ್ಲಿ ದಿಗ್ವ್ರತಿಯೊಬ್ಬನಿದ್ದನೆಂದು ಭಾವಿಸೋಣ. ಅವನ ವ್ರತ ಮುರಿಯಿತೆನ್ನಬಹುದೇ? ಇಚ್ಛೆಯಿಲ್ಲದೆ, ಪ್ರಮಾದವಿಲ್ಲದೆ, ಪರವಶನಾಗಿ ದಾಟಿದ ಎಲ್ಲೆಗೆ ಅವನನ್ನು ಹೊಣೆಯಾಗಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇಷ್ಟರಿಂದ ಒಂದು ಅಂಶ ಸ್ಪಷ್ಟವಾಯಿತು. ಕಿಲೋಮೀಟರಾಗಲಿ ಗಂಟೆಯಾಗಲಿ ವ್ರತಕ್ಕೆ ಎಲ್ಲೆಯಾಗಲಾರವು. ಅವು ಗಾಳಿಗೆ, ಯುದ್ಧಕ್ಕೆ, ವಿಮಾನ ಸಂಸ್ಥೆಯ ಲಾಭನಷ್ಟಕ್ಕೆ ತಕ್ಕಂತೆ ಬದಲಾಗುತ್ತವೆ. ನೇರ ವಿಮಾನ ಇಂದು ಇರುತ್ತದೆ, ನಾಳೆ ನಿಲ್ಲುತ್ತದೆ. ಸಮಂತಭದ್ರಾಚಾರ್ಯರು ಎಲ್ಲೆಗಳನ್ನು ಎಣಿಸುವಾಗ ಸಮುದ್ರ, ನದಿ, ಅಡವಿ, ಬೆಟ್ಟ, ದೇಶ ಇವುಗಳನ್ನು ಮೊದಲು ಹೇಳಿ ಯೋಜನವನ್ನು ಕೊನೆಯಲ್ಲಿ ಇಟ್ಟಿರುವುದರ ಔಚಿತ್ಯ ನನಗೆ ಆಗ ಹೊಳೆಯಿತು. ಯೋಜನದ ಅಳತೆಯಲ್ಲಿ ಭಿನ್ನಾಭಿಪ್ರಾಯ ಬರಬಹುದು. ಬೆಟ್ಟವಾದರೋ ಎಲ್ಲರೂ ಕಣ್ಣಿನಿಂದ ಕಾಣುವಂಥದು. ಹೆಸರಿರುವ ಸ್ಥಳವೇ ಎಲ್ಲೆಯಾಗಿರತಕ್ಕದ್ದು.

ಮೇಲಿನ ದಿಕ್ಕಿನ ಮಾತನ್ನೂ ಮರೆಯುವಂತಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ದಿಗ್ವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಊರ್ಧ್ವವ್ಯತಿಕ್ರಮ, ಅಂದರೆ ಗೊತ್ತುಮಾಡಿದ ಎತ್ತರವನ್ನು ಮೀರುವುದು. ಪೂರ್ವಿಕರು ಇದನ್ನು ಬೆಟ್ಟ ಹತ್ತುವುದಕ್ಕೆ ಅನ್ವಯಿಸಿ ವಿವರಿಸಿದರು. ಎವರೆಸ್ಟ್ ಶಿಖರದ ಎತ್ತರ 8,849 ಮೀಟರ್. ದೂರಪ್ರಯಾಣದ ವಿಮಾನ 11 ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಕಿಟಕಿಯ ತೆರೆ ಎಳೆದು ಮಲಗಿದವನಿಗೆ ತಾನು ಎಲ್ಲ ಬೆಟ್ಟಗಳನ್ನೂ ಮೀರಿದ್ದು ಗೊತ್ತೇ ಆಗುವುದಿಲ್ಲ. ವಿಮಾನ ಹತ್ತುವ ಶ್ರಾವಕನು ಊರ್ಧ್ವದಿಕ್ಕಿನ ಎಲ್ಲೆಯನ್ನು ಅದಕ್ಕೆ ತಕ್ಕಂತೆ ಮೊದಲೇ ಹೇಳಿಕೊಳ್ಳುವುದು ಒಳಿತು.

ಕಾಲದ ವಿಚಾರಕ್ಕೆ ಬಂದರೆ ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ರಾತ್ರಿಭೋಜನ ತ್ಯಾಗ. ನಮ್ಮ ಗಡಿಯಾರಕ್ಕೂ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರಕ್ಕೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವನು ಚಳಿಗಾಲವಾದರೆ ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾನೆ. ಗಡಿಯಾರ ನೋಡಿದರೆ ಎರಡೂವರೆ ಗಂಟೆಯ ಪ್ರಯಾಣ! ಆದರೆ ನಡುವೆ ಸೂರ್ಯ ಮುಳುಗಿ ಮತ್ತೆ ಹುಟ್ಟಿರುತ್ತಾನೆ. ಹಿಂದಿರುಗುವಾಗ ಇದಕ್ಕೆ ವಿರುದ್ಧ. ಈ ಎರಡು ನಗರಗಳ ನಡುವಣ ಮೊದಲ ನೇರ ವಿಮಾನ, ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ನೇತೃತ್ವದ ನಾಲ್ವರು ಮಹಿಳಾ ಚಾಲಕರ ಕೈಯಲ್ಲಿ, 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಉತ್ತರ ಧ್ರುವದ ಮೇಲಿನಿಂದ ಹಾದು 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ. ಜನವರಿ 10ನೆಯ ತಾರೀಕು ಆ ಪ್ರಯಾಣಿಕರಿಗೆ ಆಕಾಶದಲ್ಲೇ ಕಳೆದುಹೋಯಿತು. ಅಂತಹ ದಿನ ಚತುರ್ದಶಿಯಾಗಿದ್ದರೆ ಉಪವಾಸವನ್ನು ಯಾವ ಸೂರ್ಯೋದಯದಿಂದ ಎಣಿಸಬೇಕು? ಜನವರಿಯಲ್ಲಿ 71 ಡಿಗ್ರಿಯಿಂದ ಉತ್ತರಕ್ಕೆ ಸೂರ್ಯೋದಯವೆಂಬುದೇ ಇಲ್ಲದ ದಿನಗಳಿವೆ. ಜೂನ್‌ನಲ್ಲಿ ಅಲ್ಲಿ ರಾತ್ರಿಯೇ ಇಲ್ಲ.

ರಾತ್ರಿಯೇ ಇಲ್ಲದಿದ್ದರೆ ರಾತ್ರಿಭೋಜನದ ದೋಷವೂ ಇಲ್ಲವಲ್ಲ ಎಂದು ಮಿತ್ರರೊಬ್ಬರು ನಗೆಯಾಡಿದರು. ವ್ಯಾಪಾರಿಯ ಜಾಣತನಕ್ಕೆ ಇದು ಒಪ್ಪಿಗೆಯಾಗಬಹುದು, ಮನಸ್ಸಿಗೆ ಒಪ್ಪಿಗೆಯಾಗಲಾರದು. ನಾನು ಹಾಕಿಕೊಂಡ ಲೆಕ್ಕ ಇಷ್ಟು. ವಿಮಾನದಲ್ಲಿ ಊಟವೇ ಬೇಡ. ಚಳಿಗಾಲದಲ್ಲಿ ಬೆಳಿಗ್ಗೆ 11ಕ್ಕೆ ಉಂಡು ಮಧ್ಯಾಹ್ನ ಹೊರಟವನು ಅಲ್ಲಿ ನಾಲ್ಕೂವರೆಗೆ ಇಳಿದು, ತಪಾಸಣೆ ಮುಗಿಸಿ ಹೊರಬರುವಷ್ಟರಲ್ಲಿ ಸೂರ್ಯಾಸ್ತವಾಗಿರುತ್ತದೆ. ಮರುದಿನ ಬೆಳಿಗ್ಗೆ 8ಕ್ಕೆ ಉಂಡರೆ ಎರಡು ಊಟಗಳ ನಡುವೆ ಮೂವತ್ತನಾಲ್ಕೂವರೆ ಗಂಟೆ. ನನ್ನ ವಯಸ್ಸಿನವರಿಗೆ, ಅದರಲ್ಲೂ ಮಧುಮೇಹವಿರುವವರಿಗೆ, ಇದು ಸಲ್ಲದು. ಜೂನ್‌ನಲ್ಲಾದರೆ ಅದೇ ವಿಮಾನ ಸಂಜೆ ಐದೂವರೆಗೆ ಇಳಿಯುತ್ತದೆ. ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆಯ ಸುಮಾರಿಗೆ. ಮನೆ ಸೇರಿ, ಸ್ನಾನ ಮಾಡಿ, ಹಗಲಿನಲ್ಲೇ ಊಟ ಮಾಡಬಹುದು. ನಿಯಮವುಳ್ಳ ಹಿರಿಯರನ್ನು ಮಕ್ಕಳು ಕರೆಸಿಕೊಳ್ಳುವುದಾದರೆ ಮೇ, ಜೂನ್ ತಿಂಗಳುಗಳನ್ನೇ ಆರಿಸಿಕೊಳ್ಳಲಿ. ಇನ್ನು ಆ 16 ಗಂಟೆಯೆಂದರೆ ನಮ್ಮ ಎಣಿಕೆಯಲ್ಲಿ ಸರಿಯಾಗಿ 20 ಮುಹೂರ್ತ. ಗಿರಾಕಿಯೂ ಇಲ್ಲದ, ದೂರವಾಣಿಯೂ ಇಲ್ಲದ ಅಷ್ಟು ಮುಹೂರ್ತಗಳಲ್ಲಿ ನಾಲ್ಕಾರನ್ನಾದರೂ ಸಾಮಾಯಿಕಕ್ಕೆ ಕೊಡಬಹುದಲ್ಲವೆ?

ಈಗ ಬೆಲೆಯ ವಿಚಾರ. ಟಿಕೆಟಿನ ಬೆಲೆಯಲ್ಲ, ಜೀವಹಿಂಸೆಯ ಬೆಲೆ. ಮೊದಲ ನೇರ ಪ್ರಯಾಣಕ್ಕೆ ಬಳಸಿದ ಬೋಯಿಂಗ್ 777 ವಿಮಾನದಲ್ಲಿ 238 ಆಸನಗಳಿದ್ದವು. ಅಂತಹ ವಿಮಾನ ಇಷ್ಟು ದೂರಕ್ಕೆ 100 ಟನ್ನಿಗೂ ಮಿಕ್ಕಿ ಇಂಧನವನ್ನು ಸುಡುತ್ತದೆ. 100 ಟನ್ ಎಂದೇ ಹಿಡಿದು, ಎಲ್ಲ ಆಸನಗಳೂ ತುಂಬಿವೆಯೆಂದು ಭಾವಿಸಿದರೂ ತಲೆಗೆ 420 ಕಿಲೋ ಬರುತ್ತದೆ. ಅಡುಗೆ ಅನಿಲದ ಒಂದು ಸಿಲಿಂಡರಿನಲ್ಲಿ 14.2 ಕಿಲೋ ಇರುತ್ತದೆ. ಅಂದರೆ ತೂಕದಲ್ಲಿ ಸುಮಾರು 30 ಸಿಲಿಂಡರು. ನಮ್ಮ ಮನೆಯಲ್ಲಿ ವರ್ಷಕ್ಕೆ ಎಂಟು ಸಿಲಿಂಡರು ಸಾಕು. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಉರಿಯಬೇಕಾದ ಒಲೆಯನ್ನು ನನ್ನೊಬ್ಬನಿಗಾಗಿ 16 ಗಂಟೆಗಳಲ್ಲಿ ಉರಿಸಿದಂತೆ. ಒಂದು ಕಿಲೋ ವಿಮಾನ ಇಂಧನ ಸುಟ್ಟರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹೋಗಿಬರುವ ಲೆಕ್ಕದಲ್ಲಿ ನನ್ನ ಪಾಲು ಎರಡೂವರೆ ಟನ್ನನ್ನು ಮೀರುತ್ತದೆ. ವಾಯುಕಾಯಿಕ, ಅಗ್ನಿಕಾಯಿಕ ಜೀವಗಳ ಹಿಂಸೆಯೆಂದರೇನೆಂದು ಬಾಲ್ಯದಲ್ಲಿ ಕಲಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮುನಿಗಳು ಇಂದಿಗೂ ಕಾಲ್ನಡಿಗೆಯಲ್ಲೇ ವಿಹಾರ ಮಾಡುತ್ತಾರೆ. ದಿನಕ್ಕೆ 20 ಕಿಲೋಮೀಟರಿನಂತೆ ಎಣಿಸಿದರೆ 14,000 ಕಿಲೋಮೀಟರಿಗೆ 700 ದಿನಗಳು. ಚಾತುರ್ಮಾಸದ ನಾಲ್ಕು ತಿಂಗಳನ್ನು ಕಳೆದರೆ ಸುಮಾರು ಮೂರು ವರ್ಷ. ಇದು ಬರಿಯ ಗಣಿತ, ನಡುವೆ ಸಮುದ್ರವಿದೆ. ಆದರೂ ಈ ಗಣಿತ ಒಂದನ್ನು ತಿಳಿಸುತ್ತದೆ. ನಡೆಯುವವನು ಹೆಜ್ಜೆ ಹೆಜ್ಜೆಗೂ ನೆಲವನ್ನು ನೋಡಿ ಕಾಲಿಡುತ್ತಾನೆ, ಹೋಗುವುದು ಅಗತ್ಯವೇ ಎಂದು ದಿನವೂ ಕೇಳಿಕೊಳ್ಳಲು ಅವನಿಗೆ ಅವಕಾಶವಿದೆ. ಹಾರುವವನು ಟಿಕೆಟು ಕೊಳ್ಳುವಾಗ ಒಮ್ಮೆ ಮಾತ್ರ ಕೇಳಿಕೊಳ್ಳಬಹುದು. 1893ರ ಶಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದ ಸೂರಿಗಳು ತಾವು ಹೋಗಲಾಗದೆ ಗೃಹಸ್ಥರಾದ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಹಡಗು ಹತ್ತಿ ಸಮುದ್ರ ದಾಟಿದ ಆ ಶ್ರಾವಕರು ಹಿಂದಿರುಗಿದ ಮೇಲೆ ಸ್ವಜನರಿಂದಲೇ ವಿರೋಧವನ್ನೂ ಎದುರಿಸಬೇಕಾಯಿತು. ಅವರ ಪ್ರಯಾಣಕ್ಕೆ ಒಂದು ಘನವಾದ ಪ್ರಯೋಜನವಿತ್ತು. ನಮ್ಮದಕ್ಕೆ ಏನಿದೆ ಎಂಬುದೇ ಪ್ರಶ್ನೆ.

ಮೊಮ್ಮಗಳನ್ನು ಎತ್ತಿಕೊಳ್ಳುವುದು ಪ್ರಯೋಜನವಲ್ಲವೇ? ಈ ವಿಷಯದಲ್ಲಿ ನನಗೂ ನಮ್ಮ ಮನೆಯವರಿಗೂ ಹಲವು ದಿನ ಚರ್ಚೆ ನಡೆಯಿತು. ಮಗಳ ಊರನ್ನು ಎಲ್ಲೆಯ ಹೊರಗಿಟ್ಟು, ಅವಳೇ ಇಲ್ಲಿಗೆ ಬರಲೆಂದು ನಾನು ಹೇಳಿದೆ. “ಅವಳು, ಅಳಿಯಂದಿರು, ಮಗು, ಮೂವರೂ ಬಂದರೆ ಮೂರು ಪಾಲು ಇಂಧನ ಸುಡುತ್ತದೆ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಅದು ಬರುವುದಿಲ್ಲವೇ?” ಎಂದು ಅವರು ಕೇಳಿದರು. ಉತ್ತರ ಹೊಳೆಯಲಿಲ್ಲ. ನಮ್ಮ ಹಿಂಸೆಯನ್ನು ಮಕ್ಕಳ ಖಾತೆಗೆ ಬರೆಸಿ ನಾವು ಶುದ್ಧರೆನಿಸಿಕೊಳ್ಳುವುದು ವ್ರತವಾಗಲಾರದು. ಹಾಗಾದರೆ ಮೂರು ಬಾರಿ ಹೋಗಿಬರೋಣ, ಹೋದಾಗ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ ಇರೋಣ ಎಂದೆ. ಅದಕ್ಕೆ ಅವರು, “ಸಂತೋಷಕ್ಕೆ ಎಣಿಕೆ ಇರಲಿ. ಅವಳಿಗೆ ಏನಾದರೂ ಸಂಕಟ ಬಂದರೆ ಎಣಿಸುತ್ತಾ ಕೂರಲು ನನ್ನಿಂದಾಗದು” ಎಂದರು. ಆ ಮಾತಿನಲ್ಲಿದ್ದ ಧರ್ಮವನ್ನು ನಾನು ಅಲ್ಲಗಳೆಯಲಾರೆ. ವ್ರತ ಸ್ವೀಕರಿಸುವ ಮೊದಲೇ ಬಾಯಿಬಿಟ್ಟು ಹೇಳಿಕೊಂಡ ವಿನಾಯಿತಿಯು ವ್ರತದ ಒಂದು ಭಾಗ; ಸ್ವೀಕರಿಸಿದ ಮೇಲೆ ಹುಡುಕಿಕೊಂಡ ವಿನಾಯಿತಿ ವ್ರತಕ್ಕೆ ಬಿದ್ದ ಬಿರುಕು.

ಕೊನೆಗೆ ನಾವಿಬ್ಬರೂ ಒಪ್ಪಿ ಬರೆದುಕೊಂಡದ್ದು ಹೀಗಿದೆ. ನಾಲ್ಕು ದಿಕ್ಕುಗಳಿಗೆ ಮೊದಲು ಹೇಳಿದ ಕ್ಷೇತ್ರಗಳೇ ಎಲ್ಲೆ. ಅದರ ಹೊರಗೆ ಒಂದೇ ಒಂದು ಸ್ಥಳ, ಮಗಳು ವಾಸಿಸುವ ಊರು. ವಿಮಾನ ಯಾವ ಮಾರ್ಗದಿಂದ ಹೋದರೂ, ಎಲ್ಲಿ ಇಳಿದು ಏರಿದರೂ ಚಿಂತೆಯಿಲ್ಲ, ನಡುವಣ ಊರುಗಳಲ್ಲಿ ವಿಹಾರಕ್ಕೆಂದು ತಂಗುವುದಿಲ್ಲ. ಸಂತೋಷಕ್ಕಾಗಿ ಮೂರು ಬಾರಿ. ರೋಗರುಜಿನ, ಬಾಣಂತನಗಳಿಗೆ ಎಣಿಕೆಯಿಲ್ಲ. ಅಲ್ಲಿದ್ದಷ್ಟು ದಿನ ದೇಶವ್ರತದಂತೆ ಅವಳ ಮನೆ, ಸುತ್ತಲಿನ ಬೀದಿಗಳು ಹಾಗೂ ಮಿಲ್ಪಿಟಾಸ್ ನಗರದ ಜಿನಮಂದಿರ, ಇಷ್ಟೇ ನಮ್ಮ ಸಂಚಾರ. 2000ದಲ್ಲಿ ಆರಂಭವಾದ ಆ ಮಂದಿರದಲ್ಲಿ ದಿಗಂಬರ, ಶ್ವೇತಾಂಬರರಿಬ್ಬರೂ ಒಂದೇ ಸೂರಿನಡಿ ಪೂಜೆ ಸಲ್ಲಿಸುತ್ತಾರೆ. ಹೋದದ್ದಾಯಿತಲ್ಲ, ಹಾಗೆಯೇ ನಯಾಗರವನ್ನೂ ನೋಡಿಬರೋಣವೆಂಬ ಆಸೆಗೆ ಅವಕಾಶವಿಲ್ಲ. ಮಗಳಿಗೆ ಇದನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರೇ ಸಲವಾದರೆ ಮೊದಲನೆಯದಕ್ಕೆ ಬೇಗ ಬನ್ನಿ ಅಪ್ಪಾಜಿ, ಮಗು ಇನ್ನೂ ಚಿಕ್ಕದಾಗಿರುವಾಗಲೇ” ಎಂದಳು.

ದಿಗ್ವ್ರತದ ಉಳಿದ ಅತಿಚಾರಗಳಲ್ಲಿ ಎರಡು ನಮ್ಮ ಕಾಲಕ್ಕೆಂದೇ ಹೇಳಿದಂತಿವೆ. ಒಂದು, ಕ್ಷೇತ್ರವೃದ್ಧಿ, ಲೋಭದಿಂದ ಎಲ್ಲೆಯನ್ನು ಹಿಗ್ಗಿಸುವುದು. ಪೂರ್ವದಲ್ಲಿ ಉಳಿದದ್ದನ್ನು ಪಶ್ಚಿಮಕ್ಕೆ ಸೇರಿಸಿಕೊಳ್ಳೋಣವೆಂಬ ಯುಕ್ತಿ ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಿ ಲೆಕ್ಕ ಸರಿದೂಗಿಸುವವರಿಗೆ ಚೆನ್ನಾಗಿ ಗೊತ್ತು. ಇನ್ನೊಂದು, ಸ್ಮೃತ್ಯಂತರಾಧಾನ, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು. ಮರೆವಿಗೆ ಮದ್ದು ಬರೆವಣಿಗೆ. ಆದ್ದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ದಶಲಕ್ಷಣ ಪರ್ವದಲ್ಲಿ ಒಂದು ದಿನ ಇದಕ್ಕೆಂದೇ ಮೀಸಲಿಟ್ಟು, ಮಕ್ಕಳು ಪರದೇಶದಲ್ಲಿರುವ ಕುಟುಂಬಗಳನ್ನು ಕೂಡಿಸಿ, ಯಾರು ಎಲ್ಲಿಯವರೆಗೆ, ಎಷ್ಟು ಬಾರಿ, ಯಾವ ಕಾರಣಕ್ಕೆ ಎಂಬುದನ್ನು ಅವರವರ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ ಅವರ ಬಳಿಯೇ ಇರಿಸಿಕೊಳ್ಳಲು ಹೇಳಬಹುದು. ಯಾರನ್ನೂ ಒತ್ತಾಯಿಸುವುದು ಬೇಡ. ಎಲ್ಲೆ ದೊಡ್ಡದಾಗಿದ್ದರೂ ಚಿಂತೆಯಿಲ್ಲ. ಹಾಗೆ ಬರೆಯಲು ಕುಳಿತವರಿಗೆ ನಮ್ಮ ಮನೆಯಲ್ಲಿ ಎದ್ದಂತಹ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಈ ವಿಷಯದಲ್ಲಿ ವಿದ್ವಾಂಸರೂ ವ್ರತಿಗಳೂ ತಮ್ಮ ಅಭಿಪ್ರಾಯವನ್ನು ತಿಳಿಸಿದರೆ, ಮುಂದಿನ ಮೇ ತಿಂಗಳಲ್ಲಿ ನಾವು ಹೊರಡುವ ಮುನ್ನ ನಮ್ಮ ಹಾಳೆಯನ್ನು ತಿದ್ದಿಕೊಳ್ಳಲು ಅನುಕೂಲವಾಗುತ್ತದೆ.